ಪದರ ಆಕ್ಸೈಡ್‌ಗಳಲ್ಲಿ ಎಲೆಕ್ಟ್ರಾನಿಕ್ ಡೊಮೇನ್ ಗೋಡೆಗಳು

ಎಲೆಕ್ಟ್ರಾನಿಕ್ ಡೊಮೇನ್ ಗೋಡೆ ಎಂದರೆ ಒಂದೇ ಸ್ಫಟಿಕದೊಳಗೆ ಎಲೆಕ್ಟ್ರಾನುಗಳ ಎರಡು ಭಿನ್ನ ಜೋಡಣೆಗಳನ್ನು ಬೇರ್ಪಡಿಸುವ ಕಿರಿದಾದ ಗಡಿ. ತಾಮ್ರ ಮತ್ತು ನಿಕ್ಕಲ್‌ನ ಕೆಲವು ಪದರ ಆಕ್ಸೈಡ್‌ಗಳಲ್ಲಿ ಇವು ಸಮಾನಾಂತರ ಪಟ್ಟೆಗಳಾಗಿ ಕಂಡುಬರುತ್ತವೆ. ಇವುಗಳ ದಿಕ್ಕು ಮತ್ತು ಸ್ಥಿರತೆಯ ಮೇಲೆ ಸ್ಫಟಿಕ ರಚನೆಯು ಪ್ರಭಾವ ಬೀರುತ್ತದೆ.

ಸ್ಫಟಿಕ ರಚನೆ

ಲ್ಯಾಂಥನಮ್ ತಾಮ್ರದ ಆಕ್ಸೈಡ್ ಪೊಟ್ಯಾಸಿಯಮ್ ನಿಕ್ಕಲ್ ಫ್ಲೋರೈಡ್‌ನ ರಚನೆಯನ್ನು ಹೋಲುತ್ತದೆ. ಇದರಲ್ಲಿ ತಾಮ್ರ-ಆಕ್ಸಿಜನ್ ಹಾಳೆಗಳನ್ನು ಲ್ಯಾಂಥನಮ್-ಆಕ್ಸಿಜನ್ ಪದರಗಳು ಬೇರ್ಪಡಿಸುತ್ತವೆ. ಈ ವರ್ಗದ ಆಕ್ಸೈಡ್‌ಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆರ್. ರಾವ್ ಅವರ ತಂಡವು 1970ರ ದಶಕದಿಂದಲೇ ಅಧ್ಯಯನ ಮಾಡಿತ್ತು. 1984ರಲ್ಲಿ ಪಿ. ಗಂಗೂಲಿ ಮತ್ತು ರಾವ್ ಇವುಗಳ ಸ್ಫಟಿಕ ರಸಾಯನ ಹಾಗೂ ಕಾಂತಗುಣಗಳ ಸಮೀಕ್ಷೆಯನ್ನು ಪ್ರಕಟಿಸಿದರು. 1986ರಲ್ಲಿ ಬೆಡ್ನಾರ್ಜ್ ಮತ್ತು ಮುಲ್ಲರ್ ಇದೇ ಕುಟುಂಬದ ಬೇರಿಯಮ್ ಬೆರೆತ ಆಕ್ಸೈಡ್‌ನಲ್ಲಿ ಅಧಿಕ ತಾಪದ ಅತಿವಾಹಕತೆಯನ್ನು ಕಂಡುಹಿಡಿದರು.

ಗೋಡೆಗಳ ಉತ್ಪತ್ತಿ

ಶುದ್ಧ ಆಕ್ಸೈಡ್‌ನಲ್ಲಿ ನೆರೆಹೊರೆಯ ತಾಮ್ರದ ಅಯಾನುಗಳ ಸ್ಪಿನ್‌ಗಳು ವಿರುದ್ಧ ದಿಕ್ಕಿಗೆ ಮುಖ ಮಾಡಿರುತ್ತವೆ. ಕೆಲವು ಲ್ಯಾಂಥನಮ್ ಅಯಾನುಗಳ ಸ್ಥಾನದಲ್ಲಿ ಬೇರಿಯಮ್ ಅಥವಾ ಸ್ಟ್ರಾನ್ಷಿಯಮ್ ಸೇರಿಸಿದಾಗ ಧನಾವೇಶದ ರಂಧ್ರಗಳು ಉಂಟಾಗುತ್ತವೆ. ಇವು ಸಾಲುಗೂಡಿದಲ್ಲಿ ಗೋಡೆ ಏರ್ಪಡುತ್ತದೆ. ಗೋಡೆಯ ಆಚೆ ಸ್ಪಿನ್‌ಗಳ ಕ್ರಮ ತಲೆಕೆಳಗಾಗುತ್ತದೆ. ಝಾನೆನ್ ಮತ್ತು ಗುನ್ನಾರ್ಸನ್ 1989ರಲ್ಲಿ ಇಂಥ ವಿನ್ಯಾಸವನ್ನು ಸೈದ್ಧಾಂತಿಕವಾಗಿ ಮುನ್ಸೂಚಿಸಿದರು. 1995ರಲ್ಲಿ ಟ್ರಾಂಕ್ವಾಡ ಮತ್ತು ಸಹೋದ್ಯೋಗಿಗಳು ನಿಯೋಡಿಮಿಯಮ್ ಬೆರೆತ ತಾಮ್ರದ ಆಕ್ಸೈಡ್‌ನಲ್ಲಿ ನ್ಯೂಟ್ರಾನ್ ಚದುರುವಿಕೆಯ ಮೂಲಕ ಅದರ ಪುರಾವೆ ನೀಡಿದರು.

ರಚನೆಯ ಪ್ರಭಾವ

ಪ್ರತಿ ತಾಮ್ರದ ಅಯಾನನ್ನು ಆರು ಆಕ್ಸಿಜನ್‌ಗಳು ಅಷ್ಟಫಲಕವಾಗಿ ಸುತ್ತುವರಿದಿರುತ್ತವೆ. ತಾಪ ಇಳಿದಂತೆ ಈ ಅಷ್ಟಫಲಕಗಳು ವಾಲುತ್ತವೆ. ಸಾಮಾನ್ಯವಾಗಿ ವಾಲುವಿಕೆಯು ತಾಮ್ರ-ಆಕ್ಸಿಜನ್ ಬಂಧಕ್ಕೆ 45 ಡಿಗ್ರಿ ಕೋನದಲ್ಲಿರುವುದರಿಂದ ಹಾಳೆಯೊಳಗಿನ ಎರಡು ಬಂಧದಿಕ್ಕುಗಳು ಸಮಾನವಾಗಿಯೇ ಉಳಿಯುತ್ತವೆ. ಬೇರಿಯಮ್ ಅಥವಾ ನಿಯೋಡಿಮಿಯಮ್ ಬೆರೆತ ಕೆಲವು ಮಾದರಿಗಳಲ್ಲಿ ವಾಲುವಿಕೆಯು ಬಂಧದ ದಿಕ್ಕಿಗೇ ತಿರುಗುತ್ತದೆ. ಆಗ ಎರಡು ದಿಕ್ಕುಗಳ ಸಮಾನತೆ ಅಳಿದು, ಚಲಿಸಬಲ್ಲ ಗೋಡೆಗಳು ಒಂದು ದಿಕ್ಕಿಗೆ ಕಟ್ಟುಬೀಳುತ್ತವೆ. ಮುಂದಿನ ಹಾಳೆಯಲ್ಲಿ ಈ ದಿಕ್ಕು 90 ಡಿಗ್ರಿ ತಿರುಗಿರುತ್ತದೆ. ನಿಕ್ಕಲ್ ಆಕ್ಸೈಡ್‌ಗಳಲ್ಲಿ ಗೋಡೆಗಳು ಬಂಧಗಳಿಗೆ ಓರೆಯಾಗಿ ಸಾಗುತ್ತವೆ.

ಅತಿವಾಹಕತೆಯೊಂದಿಗೆ ಸಂಬಂಧ

ಪ್ರತಿ ಎಂಟು ತಾಮ್ರದ ಅಯಾನುಗಳಿಗೆ ಒಂದು ರಂಧ್ರವಿರುವ ಬೇರಿಯಮ್ ಮಾದರಿಯಲ್ಲಿ ಪಟ್ಟೆಗಳು ಅತ್ಯಂತ ಸ್ಥಿರವಾಗಿರುತ್ತವೆ. ಅಲ್ಲಿಯೇ ಪೂರ್ಣ ಪ್ರಮಾಣದ ಅತಿವಾಹಕತೆ ತೀವ್ರವಾಗಿ ಕುಗ್ಗುತ್ತದೆ. ಪಕ್ಕದ ಹಾಳೆಗಳ ಪಟ್ಟೆಗಳು ಪರಸ್ಪರ ಲಂಬವಾಗಿರುವುದರಿಂದ ಹಾಳೆಗಳ ನಡುವಣ ಅತಿವಾಹಕ ಸಂಪರ್ಕ ತಡೆಯಲ್ಪಡುತ್ತದೆ ಎಂಬುದು ಇದಕ್ಕೆ ನೀಡಲಾಗುವ ಒಂದು ವಿವರಣೆ. ಆದರೆ ರಚನೆಯೊಂದೇ ಪಟ್ಟೆಗಳಿಗೆ ಕಾರಣವಲ್ಲ. ಒತ್ತಡ ಹೇರಿ ಈ ವಿಶೇಷ ವಾಲುವಿಕೆಯನ್ನು ಅಳಿಸಿದ ಮೇಲೂ ಆವೇಶದ ಪಟ್ಟೆಗಳು ಉಳಿಯುತ್ತವೆಂದು 2010ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು.