ಗುಡ್ಡದ ಮೇಲಿನ ರಿಪೀಟರ್ ಮತ್ತು ಅದರ ಬೀಗದ ಕೈ



ಮಳೆಗಾಲ ಜೋರಾಯಿತೆಂದರೆ ನಮ್ಮ ಜಿಲ್ಲೆಯಲ್ಲಿ ಮೊದಲು ಹೋಗುವುದು ಕರೆಂಟು. ಟವರಿನ ಬ್ಯಾಟರಿ ಮುಗಿದ ಮೇಲೆ ಮೊಬೈಲೂ ಅದರ ಹಿಂದೆ ಹೋಗುತ್ತದೆ. 2020ರ ಸೆಪ್ಟೆಂಬರಿನಲ್ಲಿ ಉಡುಪಿಯ ತಗ್ಗು ಪ್ರದೇಶಗಳಿಗೆ ನೆರೆ ನುಗ್ಗಿದ್ದನ್ನೂ, 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕಡಲತೀರವನ್ನು ಕಾಡಿದ್ದನ್ನೂ ನೀವೇ ಕಂಡವರು. ಅಂಥ ಹೊತ್ತಿನಲ್ಲಿ ಕಾಪುವಿನಿಂದ ಕಾರ್ಕಳಕ್ಕೆ ಒಂದು ಮಾತು ತಲುಪಿಸಬೇಕಾದರೆ ದಾರಿ ಏನು? ಒಂದು ದಾರಿ ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಿ ರೇಡಿಯೋ. ಸಂಘದ ಮಹಿಳೆಯರಿಗೆ ಇದೆಲ್ಲಾ ಯಾಕೆ ಅಂತ ಕೇಳಬಹುದು. ಬ್ಯಾಂಕಿನ ಪಾಸ್‌ಬುಕ್ಕೂ ಒಂದು ಕಾಲದಲ್ಲಿ ನಮಗೆ ಸಂಬಂಧಪಡದ ವಿಷಯವೇ ಆಗಿತ್ತು!

2024ರ ಜುಲೈ 30ರ ನಸುಕಿನಲ್ಲಿ ಪಕ್ಕದ ವಯನಾಡಿನಲ್ಲಿ ಗುಡ್ಡ ಕುಸಿದು ಮುಂಡಕ್ಕೈ, ಚೂರಲ್‌ಮಲ ಊರುಗಳು ಕೊಚ್ಚಿಹೋದವು. ಆಗ ಅಲ್ಲಿಯ ಹ್ಯಾಮ್‌ಗಳು ಕಲ್ಪೆಟ್ಟದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಒಂದು ರೇಡಿಯೋ ಕೇಂದ್ರ ತೆರೆದರು. ದುರಂತದ ಜಾಗದಲ್ಲಿದ್ದವರ ಮಾತನ್ನು ಗುಡ್ಡ ದಾಟಿಸಿ ಕಲ್ಪೆಟ್ಟಕ್ಕೆ ತಲುಪಿಸಲು ನೆರವಾದದ್ದು ಅಂಬಲವಯಲಿನ ಪೊನ್ಮುಡಿಕೋಟದಲ್ಲಿ, ಸುಲ್ತಾನ್ ಬತ್ತೇರಿಯ ಹ್ಯಾಮ್ ಸಂಘದವರು ಮೊದಲೇ ಇಟ್ಟುಕೊಂಡಿದ್ದ ಒಂದು ರಿಪೀಟರ್. 'ಮೊದಲೇ' ಎಂಬ ಮಾತನ್ನು ಗಮನಿಸಿ.

ರಿಪೀಟರ್ ಎಂದರೇನು?

ಕೈಯಲ್ಲಿ ಹಿಡಿಯುವ ರೇಡಿಯೋ ಸೆಟ್ಟಿನ ಶಕ್ತಿ ಸಾಮಾನ್ಯವಾಗಿ 5 ವ್ಯಾಟ್‌ನಷ್ಟು. ಒಂದು ಸಣ್ಣ ಎಲ್‌ಇಡಿ ಬಲ್ಬಿನಷ್ಟೇ. ಇದರ ಅಲೆಗಳು ಹೆಚ್ಚುಕಡಿಮೆ ಕಣ್ಣಿನ ನೋಟದ ಹಾಗೆ ನೇರ ಹೋಗುತ್ತವೆ. ಗುಡ್ಡೆ, ಬಂಡೆ, ದಟ್ಟ ತೋಟ ಅಡ್ಡ ಬಂದರೆ ಮುಗಿಯಿತು. ಕಾಪು ದೀಪಸ್ತಂಭವನ್ನು 1901ರಲ್ಲಿ ಬಂಡೆಯ ಮೇಲೆ ಎತ್ತರಕ್ಕೆ ಕಟ್ಟಿದ್ದು ಸುಮ್ಮನೆ ಅಲ್ಲ. ಎತ್ತರದಿಂದ ದೂರಕ್ಕೆ ಕಾಣುತ್ತದೆ. ರಿಪೀಟರಿನ ಲೆಕ್ಕವೂ ಅದೇ. ಅದು ಎತ್ತರದಲ್ಲಿ ಕೂತಿರುವ, ಕೇಳಿದ್ದನ್ನು ಅದೇ ಕ್ಷಣ ಜೋರಾಗಿ ಮತ್ತೆ ಹೇಳುವ ಯಂತ್ರ. ಮಣಿಪಾಲದ ಎತ್ತರದಲ್ಲಿ ಅಂಥದ್ದೊಂದು ಇದೆ ಎಂದು ಇಟ್ಟುಕೊಳ್ಳಿ. ಕಾಪುವಿನವಳು ಕಾರ್ಕಳವನ್ನು ನೇರ ಮುಟ್ಟಬೇಕಾಗಿಲ್ಲ. ಮಣಿಪಾಲವನ್ನು ಮುಟ್ಟಿದರೆ ಸಾಕು, ಉಳಿದದ್ದನ್ನು ರಿಪೀಟರ್ ನೋಡಿಕೊಳ್ಳುತ್ತದೆ.

ಅದಕ್ಕೆ ಕಿವಿ ಒಂದು ಕಡೆ, ಬಾಯಿ ಇನ್ನೊಂದು ಕಡೆ. ನಮ್ಮ ದೇಶದಲ್ಲಿ ಹ್ಯಾಮ್‌ಗಳು ಹೆಚ್ಚಾಗಿ ಬಳಸುವ 144ರಿಂದ 146 ಮೆಗಾಹರ್ಟ್ಜ್ ಪಟ್ಟಿಯಲ್ಲಿ ಈ ಎರಡಕ್ಕೂ ಸಾಮಾನ್ಯವಾಗಿ 600 ಕಿಲೋಹರ್ಟ್ಜ್ ಅಂತರ ಇಡುತ್ತಾರೆ. ಉದಾಹರಣೆಗೆ, ರಿಪೀಟರ್ 145.600ರಲ್ಲಿ ಮಾತಾಡಿದರೆ 145.000ರಲ್ಲಿ ಕೇಳಿಸಿಕೊಳ್ಳುತ್ತದೆ. ನಮ್ಮ ಸೆಟ್ಟಿನಲ್ಲಿ ಇದನ್ನು ಉಲ್ಟಾ ಹಾಕಬೇಕು.

ಬಾಗಿಲು ಯಾಕೆ ತೆರೆಯುವುದಿಲ್ಲ?

ಇಲ್ಲಿಯೇ ಹೊಸಬರು ಸೋಲುವುದು. ಸೆಟ್ ಸರಿ ಇದೆ, ಬ್ಯಾಟರಿ ತುಂಬಿದೆ, ಸಂಖ್ಯೆಯೂ ಸರಿ. ಆದರೆ ಎಷ್ಟು ಕೂಗಿದರೂ ಮೇಲಿನ ಯಂತ್ರ ಮಿಸುಕುವುದಿಲ್ಲ. ಯಾಕೆಂದರೆ ಬರೇ ಧ್ವನಿಗೆ ಅದು ಬಾಗಿಲು ತೆರೆಯುವುದಿಲ್ಲ. ಧ್ವನಿಯ ಜೊತೆ ಒಂದು ಗೊತ್ತಾದ ಸ್ವರ, ಟೋನ್, ಇರಬೇಕು.

ಯಕ್ಷಗಾನದಲ್ಲಿ ಭಾಗವತರ ಪದದ ಹಿಂದೆ ಶ್ರುತಿ ಒಂದೇ ಸಮನೆ ನುಡಿಯುತ್ತಾ ಇರುತ್ತದಲ್ಲ, ಹಾಗೆ ನಾವು ಗುಂಡಿ ಒತ್ತಿ ಮಾತಾಡುವಷ್ಟು ಹೊತ್ತೂ ಸೆಟ್ಟು ತಾನಾಗಿ ಒಂದು ತಗ್ಗಿನ ಸ್ವರ ಕಳಿಸುತ್ತಾ ಇರುತ್ತದೆ. ಇದಕ್ಕೆ ಸಿ.ಟಿ.ಸಿ.ಎಸ್.ಎಸ್. ಎನ್ನುತ್ತಾರೆ. ಈ ಸ್ವರಗಳು ಸುಮಾರು 67ರಿಂದ 254 ಹರ್ಟ್ಜ್‌ವರೆಗೆ ಇವೆ: 88.5, 100.0, 123.0 ಹೀಗೆ. ಸೆಟ್ಟಿನ ಸ್ಪೀಕರಿಗೆ 300 ಹರ್ಟ್ಜ್‌ಗಿಂತ ಕೆಳಗಿನದ್ದನ್ನು ಸೋಸಿ ಬಿಡುವುದರಿಂದ ಕೇಳುವವರಿಗೆ ಶ್ರುತಿ ಕೇಳಿಸುವುದಿಲ್ಲ, ಮಾತು ಮಾತ್ರ ಕೇಳಿಸುತ್ತದೆ. ಯಂತ್ರಕ್ಕೆ ಮಾತ್ರ ಗೊತ್ತಾಗುತ್ತದೆ, ಇವಳು ನಮ್ಮವಳು ಅಂತ.

ಇಷ್ಟೆಲ್ಲಾ ಯಾಕೆ ಬೇಕು? ಗಾಳಿಯಲ್ಲಿ ಗದ್ದಲ ತುಂಬಾ ಇದೆ. ಬೇರೆ ಯಂತ್ರಗಳ ಸದ್ದಿಗೆಲ್ಲಾ ರಿಪೀಟರ್ ಎಚ್ಚರಗೊಂಡು ಕೂಗತೊಡಗಿದರೆ ಅದರ ಬ್ಯಾಟರಿ ಸುಮ್ಮನೆ ಖಾಲಿ. ನಮ್ಮಂಥ ಕರಾವಳಿಯಲ್ಲಿ ಇನ್ನೊಂದು ಉಂಟು. ಕೆಲವು ದಿನ ಕಡಲ ಮೇಲೆ ತಂಪು ಗಾಳಿಯ ಮೇಲೊಂದು ಬಿಸಿ ಗಾಳಿಯ ಪದರ ಕೂತರೆ ರೇಡಿಯೋ ಅಲೆಗಳು ಅದರಡಿ ಸಿಕ್ಕಿ ನೂರಾರು ಕಿಲೋಮೀಟರ್ ಓಡುತ್ತವೆ. ಎಲ್ಲಿಯೋ ದೂರದವರ ಮಾತಿಗೆ ನಮ್ಮ ರಿಪೀಟರ್ ಬಾಯಿ ತೆರೆಯಬಾರದಲ್ಲ!

ಬೇರೆ ಬೀಗದ ಕೈಗಳೂ ಇವೆ. ಯುರೋಪಿನಲ್ಲಿ ಹಿಂದೆ 1750 ಹರ್ಟ್ಜ್‌ನ ಒಂದು ಸಣ್ಣ ಶಿಳ್ಳೆ ಊದಿ ರಿಪೀಟರ್ ಎಬ್ಬಿಸುತ್ತಿದ್ದರು. ಬಾಯಿಂದಲೇ ಶಿಳ್ಳೆ ಹಾಕಿ ಎಬ್ಬಿಸಿದ ಗಟ್ಟಿಗರೂ ಇದ್ದರಂತೆ. ಸಿಲಿಂಡರ್ ಬುಕ್ ಮಾಡುವಾಗ 'ಕನ್ನಡಕ್ಕೆ 1 ಒತ್ತಿ' ಎಂದದ್ದಕ್ಕೆ ನೀವು ಒತ್ತಿದರೆ ಪೀಂ ಎನ್ನುವ ಸದ್ದು ಬರುತ್ತದಲ್ಲ, ಅದೇ ಡಿ.ಟಿ.ಎಂ.ಎಫ್. ಸ್ವರ. ಕೆಲವು ರಿಪೀಟರುಗಳನ್ನು ಅದರಿಂದಲೂ ನಡೆಸುತ್ತಾರೆ. ಸ್ವರದ ಬದಲು ಅಂಕಿಗಳ ಸಂಕೇತ ಕಳಿಸುವ ಡಿ.ಸಿ.ಎಸ್. ಎಂಬುದೂ ಇದೆ. ಯಾವ ರಿಪೀಟರಿಗೆ ಯಾವುದು ಎಂಬುದನ್ನು ಅದನ್ನು ನಡೆಸುವ ಕ್ಲಬ್ಬಿನವರನ್ನೇ ಕೇಳಿ ತಿಳಿಯಬೇಕು.

ಸೆಟ್ಟಿನಲ್ಲಿ ಹಾಕುವಾಗ

ಸೆಟ್ಟಿನ ಮೆನುವಿನಲ್ಲಿ ಟೋನ್ ಎರಡು ಕಡೆ ಇರುತ್ತದೆ, ಕಳಿಸುವುದಕ್ಕೆ ಒಂದು, ಕೇಳುವುದಕ್ಕೆ ಒಂದು. ಮೊದಲು ಕಳಿಸುವ ಟೋನ್ ಮಾತ್ರ ಹಾಕಿ. ಕೇಳುವ ಕಡೆಗೂ ಹಾಕಿಬಿಟ್ಟರೆ, ರಿಪೀಟರ್ ತನ್ನ ಮಾತಿನ ಜೊತೆ ಆ ಸ್ವರ ಕಳಿಸದೇ ಇದ್ದಲ್ಲಿ, ನಿಮ್ಮ ಸೆಟ್ಟು ಮೌನವಾಗಿಯೇ ಕೂರುತ್ತದೆ. ಅಲ್ಲಿ ನಾಲ್ಕು ಜನ ನಿಮ್ಮನ್ನು ಕರೆಯುತ್ತಿರುತ್ತಾರೆ, ಇಲ್ಲಿ ನೀವು 'ಯಾರೂ ಇಲ್ಲ' ಅಂದುಕೊಂಡು ಸೆಟ್ಟು ಆರಿಸಿ ಇಡುತ್ತೀರಿ. ನೆರೆ ಬಂದ ರಾತ್ರಿ ಹೀಗಾದರೆ ಏನು ಗತಿ?

ಗುಂಡಿ ಒತ್ತಿದ ಕೂಡಲೇ ಮಾತು ಶುರು ಮಾಡಬೇಡಿ. ಸ್ವರವನ್ನು ಗುರುತಿಸಲು ಯಂತ್ರಕ್ಕೆ ಸ್ವಲ್ಪ ಹೊತ್ತು ಬೇಕು. ಮನಸ್ಸಿನಲ್ಲೇ 'ಒಂದು' ಎಂದು ಎಣಿಸಿ ನಂತರ ಹೇಳಿ. 'ನಾಲ್ಕು ಮನೆಯವರು ಸಿಕ್ಕಿಬಿದ್ದಿದ್ದಾರೆ' ಎಂದು ಅವಸರದಲ್ಲಿ ಹೇಳಿದರೆ ಆಚೆ ಕಡೆಗೆ 'ಮನೆಯವರು ಸಿಕ್ಕಿಬಿದ್ದಿದ್ದಾರೆ' ಎಂದಷ್ಟೇ ಕೇಳಿಸುತ್ತದೆ. ದೋಣಿ ಎಷ್ಟು ಕಳಿಸಬೇಕೆಂದು ಅವರಿಗೆ ಗೊತ್ತಾಗುವುದು ಹೇಗೆ? ಗುಂಡಿ ಬಿಟ್ಟ ಮೇಲೆ ಕಿವಿಗೊಡಿ. ಕ್ಷಣಕಾಲ ರಿಪೀಟರಿನ ಸಣ್ಣ 'ಶ್' ಸದ್ದು ಕೇಳಿದರೆ ಬಾಗಿಲು ತೆರೆದಿದೆ ಎಂದರ್ಥ. ಬರೇ ಮೌನವಾದರೆ ಟೋನ್ ತಪ್ಪಿರಬಹುದು, ಅಂತರ ತಪ್ಪಿರಬಹುದು, ಅಥವಾ ನೀವು ನಿಂತ ಜಾಗ ತಗ್ಗಿರಬಹುದು.

ಇದು ಗುಟ್ಟಲ್ಲ

ಟೋನ್ ಹಾಕಿದರೆ ನಮ್ಮ ಮಾತು ಬೇರೆಯವರಿಗೆ ಕೇಳುವುದಿಲ್ಲ ಎಂದು ತುಂಬಾ ಜನ ನಂಬಿದ್ದಾರೆ. ಅದು ತಪ್ಪು. ಸೆಟ್ಟು ಇದ್ದವರೆಲ್ಲರೂ ಕೇಳಬಹುದು. ಹಾಗಾಗಿ ಟೋನ್ ಎಂದರೆ ಎ.ಟಿ.ಎಂ. ಪಿನ್ ಅಲ್ಲ, ಬಚ್ಚಿಡಬೇಕಾಗಿಯೂ ಇಲ್ಲ. ನಿಮ್ಮ ಊರಿನಲ್ಲಿ ಲೈಸೆನ್ಸ್ ಇರುವ ಹ್ಯಾಮ್ ಯಾರಾದರೂ ಇದ್ದರೆ ಅವರನ್ನು ಸಂಘದ ಸಭೆಗೆ ಕರೆಯಿರಿ. ಹತ್ತಿರದ ರಿಪೀಟರ್ ಯಾವುದು, ಸಂಖ್ಯೆ, ಅಂತರ, ಟೋನ್ ಎಷ್ಟು ಎಂದು ಕೇಳಿ ನಿರ್ಣಯ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡಿ. ಮೊಬೈಲ್ ಹೋದ ಮೇಲೆ 'ಟೋನ್ ಎಷ್ಟು' ಎಂದು ಕೇಳಲು ಯಾರಿಗೂ ಫೋನ್ ಮಾಡಲಿಕ್ಕಾಗುವುದಿಲ್ಲ. ಈ ಕೆಲಸ ಮೇ ತಿಂಗಳ ಒಳಗೆ ಆಗಬೇಕು ಎಂಬುದು ನಮ್ಮ ಅಭಿಪ್ರಾಯ.

ಲೈಸೆನ್ಸ್ ಇಲ್ಲದೆ ಮಾತಾಡುವಂತಿಲ್ಲ. 12 ವರ್ಷ ತುಂಬಿದ ಯಾರೂ ದೂರಸಂಪರ್ಕ ಇಲಾಖೆಯ ಪರೀಕ್ಷೆ ಬರೆಯಬಹುದು. ಕೆಳಗಿನ ದರ್ಜೆಗೆ ಮೋರ್ಸ್ ಸಂಕೇತ ಕಲಿಯಬೇಕಾಗಿಲ್ಲ. ಇದು ಗಂಡಸರ ಆಟಿಕೆ ಎನ್ನುವವರಿಗೆ ಒಂದು ಹೆಸರು ಹೇಳಿ: ಭಾರತಿ ಪ್ರಸಾದ್. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಅಂಡಮಾನಿನ ಆಗಿನ ಪೋರ್ಟ್ ಬ್ಲೇರ್‌ನಲ್ಲಿ ಹ್ಯಾಮ್ ತಂಡದ ಮುಂದಾಳಾಗಿದ್ದವರು ಅವರು. ಫೋನ್ ಸಂಪರ್ಕ ಕಡಿದುಹೋದಾಗ ದ್ವೀಪದವರ ಕ್ಷೇಮಸಮಾಚಾರ ಮುಖ್ಯಭೂಮಿಗೆ ಹೋದದ್ದು ಅವರ ತಂಡದ ರೇಡಿಯೋದಿಂದ.

ಇನ್ನೊಂದು ವಿಷಯ. ಮಕ್ಕಳ ಒತ್ತಾಯಕ್ಕೋ, ಊರ ಹಬ್ಬದ ಸ್ವಯಂಸೇವಕರಿಗೆಂದೋ ಆನ್‌ಲೈನಿನಲ್ಲಿ ವಾಕಿಟಾಕಿ ತರಿಸುವವರಿದ್ದಾರೆ. ಕಾನೂನು ಮೀರಿದ ಸೆಟ್ಟುಗಳ ಇಂಥ ಮಾರಾಟ ತಡೆಯಲು 2025ರಲ್ಲಿ ಕೇಂದ್ರ ಸರಕಾರ ಮಾರ್ಗಸೂಚಿ ತಂದಿದೆ. 446.0ರಿಂದ 446.2 ಮೆಗಾಹರ್ಟ್ಜ್‌ನಲ್ಲಿ ಕಡಿಮೆ ಶಕ್ತಿಯಲ್ಲಿ ನಡೆಯುವ ಸೆಟ್ಟುಗಳಿಗೆ 2018ರಿಂದ ಲೈಸೆನ್ಸ್ ಬೇಡ. ತರಿಸುವ ಮೊದಲು ಡಬ್ಬಿಯ ಮೇಲೆ ಈ ಅಂಕಿ ನೋಡಿ. ಆದರೆ ಆ ಸೆಟ್ಟುಗಳು ಅಂಗಳದಿಂದ ಅಂಗಳಕ್ಕೆ ಮಾತಾಡಲು ಮಾತ್ರ. ಅವುಗಳಿಂದ ಹ್ಯಾಮ್ ರಿಪೀಟರಿನ ಬಾಗಿಲು ತೆರೆಯುವುದಿಲ್ಲ.