ರೊಟ್ಟಿ ತಿನ್ನುವ ಕೈ ಹಿಟ್ಟನ್ನೂ ಮುಟ್ಟಲಿ



ಈ ಪತ್ರಿಕೆಯಲ್ಲಿ ಸಾಮಾನ್ಯವಾಗಿ ನಾವು ಕೊಳೆರೋಗ, ಬೋರ್ಡೋ ದ್ರಾವಣ, ಕಾಂಡಕೊರಕ, ಪೇಟೆಯ ಧಾರಣೆ ಮೊದಲಾದ ವಿಷಯಗಳನ್ನು ಕುರಿತು ಬರೆಯುತ್ತೇವೆ. ಈ ಸಲ ಅಡುಗೆಮನೆಯ ವಿಚಾರವನ್ನು ಎತ್ತಿಕೊಂಡಿದ್ದೇವೆ. ಮಕ್ಕಳು ಸೊಪ್ಪು ತರಕಾರಿ ಮುಟ್ಟುವುದಿಲ್ಲ, ಅಂಗಡಿಯ ಪೊಟ್ಟಣಕ್ಕೇ ಕೈ ಚಾಚುತ್ತಾರೆ ಎಂಬ ದೂರು ಸದಸ್ಯರ ಮನೆಗಳಲ್ಲಿ ಸಾಮಾನ್ಯವಾಗಿದೆ. ಮಕ್ಕಳು ಮನೆಯಲ್ಲಿ ಉಂಡ ತಟ್ಟೆಯನ್ನೂ ಎತ್ತಿಡುವುದಿಲ್ಲ ಎಂಬ ದೂರೂ ಅಷ್ಟೇ ಸಾಮಾನ್ಯ. ಇವೆರಡನ್ನೂ ಬೇರೆ ಬೇರೆ ಎಂದು ಎಣಿಸುವುದು ವಾಡಿಕೆ. ಇವೆರಡಕ್ಕೂ ಮದ್ದು ಒಂದೇ ಎಂಬುದು ನಮ್ಮ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ಆಧಾರ ದೊರೆತದ್ದು ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಮನೆಗಳಲ್ಲಿ.

ಕಾಫಿ, ಅಡಿಕೆಯವರಿಗೆ ಜೋಳದ ನಾಡಿನ ಮಾತೇಕೆ ಎಂದು ಕೇಳಬಹುದು. ನಾವು ನಡೆದ ದಾರಿಯಲ್ಲಿಯೇ ಅವರೂ ನಡೆದಿದ್ದಾರೆ. ಘಟಪ್ರಭಾ ನದಿಗೆ ಗೋಕಾಕ ತಾಲೂಕಿನ ಧೂಪದಾಳದಲ್ಲಿ 1897ರಲ್ಲಿಯೇ ಒಡ್ಡು ಕಟ್ಟಿದರು. ಅನಂತರ ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ರಾಜಾ ಲಖಮಗೌಡ ಜಲಾಶಯ ಎದ್ದು 1977ರಲ್ಲಿ ಪೂರ್ಣವಾಯಿತು. ನೀರು ಹರಿದ ಕಡೆ ಕಬ್ಬು, ಗೋವಿನಜೋಳ, ಅರಿಸಿನ ಬಂದವು. ರೈತನ ಕೈಯಲ್ಲಿ ಹಣ ಆಡಿತು; ಮನೆಗಳು ಗಟ್ಟಿಯಾದವು; ಮಕ್ಕಳು ಓದಿದರು. ಅದರ ಜೊತೆಗೆ ಹೊಲದಿಂದ ನೇರವಾಗಿ ಅಡುಗೆಮನೆಗೆ ಬರುತ್ತಿದ್ದ ಜೋಳ, ಮಡಿಕೆ ಕಾಳು, ಅಗಸಿ, ಗುರೆಳ್ಳುಗಳನ್ನು ಎಷ್ಟೋ ಮನೆಯವರು ಸಂತೆಯಲ್ಲಿ ಕೊಳ್ಳುವಂತಾಯಿತು. ನಮ್ಮಲ್ಲಿಯೂ ಗದ್ದೆ ತೋಟವಾಯಿತು, ಅಕ್ಕಿ ಅಂಗಡಿಯಿಂದ ಬಂತು. ಹಣದ ಬೆಳೆ ಬಂದ ಊರಿನಲ್ಲಿ ಊಟವನ್ನು ಹಣ ಕೊಟ್ಟು ತರಬೇಕಾಗುತ್ತದೆ. ಹಾಗೆ ತರುವಾಗ ಬಿಸ್ಕತ್ತು, ಬೇಕರಿಯ ತಿಂಡಿ, ಬಣ್ಣದ ನೀರೂ ಚೀಲದೊಳಗೆ ಸೇರುತ್ತವೆ.

ಆದರೂ ಆ ಮೂರು ತಾಲೂಕುಗಳಲ್ಲಿ ಹಳೆಯ ಊಟ ಇನ್ನೂ ಬದುಕಿದೆ. ಜೋಳದ ರೊಟ್ಟಿ, ತೊಪ್ಪಲ ಪಲ್ಲೆ, ಮೊಳಕೆ ಬರಿಸಿದ ಮಡಿಕೆ ಕಾಳು, ಶೇಂಗಾ ಚಟ್ನಿ, ಅಗಸಿ ಹಿಂಡಿ, ಮೊಸರು, ಪಕ್ಕದಲ್ಲಿ ಹಸಿಯ ಹಕ್ಕರಕಿ ಸೊಪ್ಪು, ಮೂಲಂಗಿ, ಉಳ್ಳಾಗಡ್ಡಿ. ಇದರ ಬೆಲೆಯನ್ನು ಅಂಕಿಗಳಲ್ಲಿ ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಸಸಾರಜನಕ, ಸುಮಾರು 10 ಗ್ರಾಂ ನಾರು, ಸುಮಾರು 4 ಮಿಲಿಗ್ರಾಂ ಕಬ್ಬಿಣ ಇವೆ. ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ ಸಸಾರಜನಕ ಸುಮಾರು 8 ಗ್ರಾಂ, ನಾರು 3 ಗ್ರಾಮಿನೊಳಗೆ, ಕಬ್ಬಿಣ 1 ಮಿಲಿಗ್ರಾಮಿಗೂ ಕಡಿಮೆ.

ಇದು ಬರಿಯ ಪುಸ್ತಕದ ಲೆಕ್ಕವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 5 ವರ್ಷದೊಳಗಿನ ಮಕ್ಕಳಲ್ಲಿ 100ಕ್ಕೆ 65ಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಕಂಡುಬಂದಿತು. 15ರಿಂದ 49 ವರ್ಷದ ಮಹಿಳೆಯರಲ್ಲಿ 100ಕ್ಕೆ ಸುಮಾರು 48 ಮಂದಿಗೆ ಇದೇ ತೊಂದರೆ. ರಕ್ತ ಕಡಿಮೆಯಿರುವ ಮಗುವಿಗೆ ಓದಿನಲ್ಲಿ ಲಕ್ಷ್ಯವಿರುವುದಿಲ್ಲ, ಆಟದಲ್ಲಿ ಬೇಗ ದಣಿಯುತ್ತದೆ. ಸೋಮಾರಿ ಎಂದು ನಾವು ಗದರಿಸುವ ಮಕ್ಕಳಲ್ಲಿ ಕೆಲವರಿಗೆ ಬೇಕಾಗಿರುವುದು ಗದರಿಕೆಯಲ್ಲ, ವೈದ್ಯರ ಪರೀಕ್ಷೆ ಮತ್ತು ಒಳ್ಳೆಯ ಊಟ.

ಹಾಗಾದರೆ ಇಷ್ಟು ಒಳ್ಳೆಯ ಊಟವನ್ನು ಮನೆಗಳು ಏಕೆ ಬಿಡುತ್ತಿವೆ? ರುಚಿ ಬದಲಾದದ್ದು ಒಂದು ಕಾರಣ. ಶ್ರಮ ಅದಕ್ಕಿಂತ ದೊಡ್ಡ ಕಾರಣ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲ. ಕುದಿಯುವ ಎಸರು ಹಾಕಿ ನಾದಬೇಕು, ಒಂದೊಂದನ್ನೇ ಕೈಯಿಂದ ಬಡಿಯಬೇಕು, ಹಂಚಿನ ಮೇಲೆ ನೀರು ಸವರಿ ಬೇಯಿಸಬೇಕು. ಹಿಟ್ಟು ಹಳತಾದರೆ ರೊಟ್ಟಿ ಹರಿಯುತ್ತದೆ. ಆದ್ದರಿಂದ ಮೇಲಿಂದ ಮೇಲೆ ಬೀಸಿಸಬೇಕು. ಸೊಪ್ಪು ಸೋಸಬೇಕು, ಕಾಳು ಆರಿಸಬೇಕು, ಹಿಂಡಿ ಕುಟ್ಟಬೇಕು. ತಿನ್ನಾಕ ಎಲ್ಲಾರೂ ಅದಾರ, ಬಡಿಯಾಕ ನಾ ಒಬ್ಬಾಕಿ ಎಂಬರ್ಥದ ಮಾತು ಆ ಕಡೆಯ ಒಲೆಗಳ ಮುಂದೆ ಹೊಸದಲ್ಲ. ನಮ್ಮ ಪತ್ರೊಡೆ, ಕಡುಬು, ತಂಬುಳಿಗಳದೂ ಇದೇ ಕಥೆ. ಅಡಿಕೆ ಕೊಯ್ಲು, ಕಾಫಿ ಕೊಯ್ಲು ಕೂಡಿ ಬಂದ ತಿಂಗಳುಗಳಲ್ಲಿ ಕಣದ ಕೆಲಸ ಮುಗಿಸಿ ಒಳಗೆ ಬಂದ ಗೃಹಿಣಿ ಕೆಸುವಿನ ಎಲೆ ಸುತ್ತುತ್ತಾ ಕುಳಿತಾಳೆಯೇ?

ಭಾರತ ಸರಕಾರವು 2019ರಲ್ಲಿ 6 ವರ್ಷ ಮೇಲ್ಪಟ್ಟವರ ದಿನಚರಿಯನ್ನು ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕಳೆಯುತ್ತಿದ್ದರು. ಅಂಥ ಕೆಲಸಕ್ಕೆ ಕೈ ಹಾಕುತ್ತಿದ್ದವರು ಹೆಂಗಸರಲ್ಲಿ 100ಕ್ಕೆ 81, ಗಂಡಸರಲ್ಲಿ 26 ಮಾತ್ರ. ಪಾಲಿಶ್ ಅಕ್ಕಿ ಬಿಡಿ, ಸಕ್ಕರೆ ಇಳಿಸಿ, ಸೊಪ್ಪು ಕಾಳು ಹೆಚ್ಚಿಸಿ ಎಂದು ಉಪದೇಶ ಮಾಡುವುದು ಸುಲಭ. ಆ ಉಪದೇಶದ ಭಾರವೆಲ್ಲ ಒಬ್ಬಳ ಮೇಲೆಯೇ ಬಿದ್ದರೆ ಎಂಟು ದಿನಗಳಲ್ಲಿ ಮನೆ ಹಳೆಯ ದಾರಿಗೆ ತಿರುಗುತ್ತದೆ. ಒಳ್ಳೆಯ ಊಟಕ್ಕೆ ಹೆಚ್ಚು ಕೈಗಳು ಬೇಕು. ಆ ಕೈಗಳು ಮನೆಯಲ್ಲಿಯೇ ಇವೆ.

ಹುಕ್ಕೇರಿ, ಮೂಡಲಗಿ ಕಡೆಯ ನಮ್ಮ ಬಂಧುಗಳ ಮನೆಗಳಲ್ಲಿ ನಾವು ಕಂಡ ಕ್ರಮ ಇದು. ಐದಾರು ವರ್ಷದ ಮಗು ಬೆಳ್ಳುಳ್ಳಿ ಸುಲಿಯುತ್ತದೆ, ತಟ್ಟೆ ಹಾಕುತ್ತದೆ, ನೀರಿಡುತ್ತದೆ. ಎಂಟೊಂಬತ್ತು ವರ್ಷದವರು ಶೇಂಗಾ ಒಡೆದು ಬೂಸಲು ಹಿಡಿದ, ಮುರುಟಿದ ಬೀಜಗಳನ್ನು ಬೇರೆ ಮಾಡುತ್ತಾರೆ; ಬೂಸಲಿನ ವಿಷ ಯಕೃತ್ತಿಗೆ ಕೆಡುಕು ಎಂದು ಅವರಿಗೆ ಹೇಳಿಕೊಟ್ಟಿದ್ದಾರೆ. ಮಡಿಕೆ ಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಡುವುದೂ ಅವರದೇ. ಹನ್ನೊಂದು ಹನ್ನೆರಡರವರು ಹಿರಿಯರು ಹದ ಮಾಡಿಕೊಟ್ಟ, ಬಿಸಿ ಆರಿದ ಹಿಟ್ಟನ್ನು ನಾದುತ್ತಾರೆ, ಹಿಂಡಿ ಕುಟ್ಟುತ್ತಾರೆ. ಅದಕ್ಕೂ ದೊಡ್ಡವರು, ಪಕ್ಕದಲ್ಲಿ ಹಿರಿಯರಿದ್ದಾಗ, ಒಂದೆರಡು ರೊಟ್ಟಿ ಬಡಿಯುತ್ತಾರೆ. ಮೊದಲ ರೊಟ್ಟಿ ನಕಾಶೆಯಂತೆ ಸೊಟ್ಟಗಿರುತ್ತದೆ. ಆದರೆ ಬಡಿದ ಹುಡುಗ ಅದನ್ನು ಬಿಡದೆ ತಿನ್ನುತ್ತಾನೆ, ತಂಗಿಗೂ ಮುರಿದು ಕೊಡುತ್ತಾನೆ.

ತಾನು ಮಾಡಿದ್ದನ್ನು ಮಗು ತಿನ್ನುತ್ತದೆ ಎಂಬುದು ಅಜ್ಜಿಯಂದಿರಿಗೆ ಗೊತ್ತಿದ್ದ ಸಂಗತಿಯೇ. ಸ್ವಿಟ್ಜರ್ಲೆಂಡಿನಲ್ಲಿ 6ರಿಂದ 10 ವರ್ಷದ 47 ಮಕ್ಕಳ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವೂ ಇದನ್ನೇ ತೋರಿಸಿತು. ತಾವೇ ಅಡುಗೆಗೆ ಕೈ ಹಾಕಿದ ಮಕ್ಕಳು, ತಾಯ್ತಂದೆಯರು ಮಾಡಿ ಬಡಿಸಿದ ಮಕ್ಕಳಿಗಿಂತ ಶೇಕಡ 76ರಷ್ಟು ಹೆಚ್ಚು ಹಸಿ ತರಕಾರಿ ತಿಂದರು. ಅದು ಒಂದು ಹೊತ್ತಿನ ಊಟದ ಮಾತು, ಮಕ್ಕಳ ಸಂಖ್ಯೆಯೂ ಚಿಕ್ಕದು. ಅದನ್ನೇ ವೇದವಾಕ್ಯ ಎನ್ನಬೇಕಾಗಿಲ್ಲ. ಆದರೆ ಖರ್ಚಿಲ್ಲದ ಪ್ರಯೋಗವಾದ್ದರಿಂದ ನಮ್ಮ ಮನೆಗಳಲ್ಲಿ ಮಾಡಿ ನೋಡಲು ಅಡ್ಡಿಯೇನು?

ನಮ್ಮ ಮಲೆನಾಡಿನ ಮನೆಗಳಿಗೆ ಒಪ್ಪುವ ಕೆಲವು ಸಲಹೆಗಳನ್ನು ಇಲ್ಲಿ ಕೊಡುತ್ತೇವೆ.

1. ಒಂದು ಮಗುವಿಗೆ ಒಂದು ಕೆಲಸವನ್ನು ಗೊತ್ತುಮಾಡಿ. ಅಡಿಕೆ ತೋಟದ ಬಸಿಗಾಲುವೆಯ ಅಂಚಿನಿಂದ ಒಂದೆಲಗ ಕೊಯ್ದು ತಂದು ತೊಳೆದು ಕೊಡುವುದು ಒಬ್ಬರದು. ಹೆಸರುಕಾಳು ನೆನೆಸಿ ಮೊಳಕೆ ಬರಿಸುವುದು ಇನ್ನೊಬ್ಬರದು. ಮದ್ದು ಹೊಡೆದ ಜಾಗದ ಸೊಪ್ಪನ್ನು ಕೀಳಬಾರದೆಂದು ಮೊದಲೇ ಎಚ್ಚರಿಸಿ.

2. ವಾರಕ್ಕೆ ಎರಡು ದಿನ ಅನ್ನದ ಬದಲು ಜೋಳದ ಅಥವಾ ರಾಗಿಯ ರೊಟ್ಟಿ ಮಾಡಿ. ಒಮ್ಮೆಲೇ ಎಲ್ಲವನ್ನೂ ಬದಲಿಸಲು ಹೋಗಬೇಡಿ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಮಿಗಿಂತ ಹೆಚ್ಚು ಸುಣ್ಣದ ಅಂಶವಿದೆ. ಬೆಳೆಯುವ ಎಲುಬಿಗೆ ಅದು ಬೇಕು.

3. ನಾವು ಬೆಳೆಯುವ ಕಾಫಿಯ ಬಗೆಗೂ ಒಂದು ಮಾತು. ಊಟದ ಜೊತೆಗೆ ಕಾಫಿಯಾಗಲಿ ಚಹವಾಗಲಿ ಕುಡಿದರೆ ಊಟದಲ್ಲಿನ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ದೊಡ್ಡವರು ಊಟಕ್ಕೂ ಕಾಫಿಗೂ ಒಂದು ಗಂಟೆ ಅಂತರವಿಡಿ. ಮಕ್ಕಳಿಗೆ ಕಾಫಿಯ ಬದಲು ಹಾಲು ಸಾಕು. ಊಟದ ಸೊಪ್ಪಿಗೂ ಕಾಳಿಗೂ ನಿಂಬೆ ಹಿಂಡಿದರೆ, ಇಲ್ಲವೆ ನೆಲ್ಲಿ, ಸೀಬೆ ತಿಂದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ.

4. ಸಕ್ಕರೆಯ ಡಬ್ಬಿಯ ಲೆಕ್ಕವನ್ನು ಮಕ್ಕಳಿಗೇ ವಹಿಸಿ. ಸಕ್ಕರೆಯಿಂದ ಬರುವ ಶಕ್ತಿ ದಿನದ ಆಹಾರದ ಶಕ್ತಿಯಲ್ಲಿ ಹತ್ತನೆಯ ಒಂದು ಪಾಲಿಗಿಂತ ಕಡಿಮೆಯಿರಬೇಕು, ಸಾಧ್ಯವಾದರೆ ಅದರ ಅರ್ಧಕ್ಕೆ ಇಳಿಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ತಿಳಿಸಿದೆ. ದೊಡ್ಡವರಿಗೆ ಆ ಅರ್ಧವೆಂದರೆ ಸುಮಾರು 25 ಗ್ರಾಂ, ಆರು ಚಮಚ. ಮಕ್ಕಳಿಗೆ ಇನ್ನೂ ಕಡಿಮೆ. ಬೆಲ್ಲವೂ ಈ ಲೆಕ್ಕಕ್ಕೆ ಸೇರಿದ್ದೇ. ಅಂಟು, ಕೊಬ್ಬರಿ, ಒಣಹಣ್ಣು, ಬೆಲ್ಲ ಸೇರಿದ ಗೋಕಾಕದ ಕರದಂಟು ಬಾಣಂತಿಗೆ ಕೊಡುತ್ತಿದ್ದ ಪುಷ್ಟಿಯ ತಿನಿಸು. ಅದನ್ನೂ ಚೂರಾಗಿಯೇ ತಿನ್ನಬೇಕು.

5. ಗಂಡುಮಕ್ಕಳನ್ನು ಬಿಡಬೇಡಿ. ಕೆಲಸವನ್ನೆಲ್ಲ ಹೆಣ್ಣುಮಗಳಿಗೆ ಹಂಚಿ, ಮಗನಿಗೆ ಓದಲು ಬಿಡುವುದಾದರೆ ತಾಯಿಯ ಭಾರ ಮಗಳಿಗೆ ವರ್ಗವಾದಂತಾಯಿತೇ ಹೊರತು ಹಗುರವಾಗಲಿಲ್ಲ. ಮುಂದೆ ಮಗ ಪೇಟೆಗೆ ಓದಲು ಹೋದಾಗ ಒಂದು ಸಾರು ಮಾಡಿಕೊಳ್ಳಲು ಬಂದರೆ ಅವನ ಹೊಟ್ಟೆಯೂ ಉಳಿಯುತ್ತದೆ, ನಿಮ್ಮ ಹಣವೂ ಉಳಿಯುತ್ತದೆ. ತಂದೆ ತಾನು ಉಂಡ ತಟ್ಟೆಯನ್ನು ತಾನೇ ತೊಳೆದರೆ ಮಗನಿಗೆ ಬೇರೆ ಪಾಠ ಬೇಕಾಗಿಲ್ಲ.

6. ಕೆಲಸಕ್ಕೆ ಹಣದ ಆಸೆ ತೋರಿಸಬೇಡಿ, ಶಿಕ್ಷೆಯಾಗಿ ಕೆಲಸ ಕೊಡಬೇಡಿ. ಚೆಲ್ಲಿದರೆ ಒರೆಸಲು ಬಟ್ಟೆ ಕೊಡಿ, ಬೈಯಬೇಡಿ. ಕೈಯನ್ನು ಸೋಪಿನಿಂದ ತೊಳೆಯುವುದು ಮೊದಲ ಕೆಲಸವಾಗಿರಲಿ.

ಒಂದು ಎಚ್ಚರಿಕೆಯನ್ನು ಸಂಘದ ಪರವಾಗಿ ಸ್ಪಷ್ಟವಾಗಿ ಹೇಳಬೇಕು. ಮನೆಗೆಲಸ ಬೇರೆ, ತೋಟದ ದುಡಿಮೆ ಬೇರೆ. ಬೋರ್ಡೋ ದ್ರಾವಣ, ಕೀಟನಾಶಕ, ಸಿಂಪರಣೆಯ ಯಂತ್ರ, ಪಲ್ಪರ್, ಅಡಿಕೆ ಬೇಯಿಸುವ ಹಂಡೆ, ಹರಿತವಾದ ಕತ್ತಿ, ಇವುಗಳ ಹತ್ತಿರ ಮಕ್ಕಳನ್ನು ಸುಳಿಯಗೊಡಬಾರದು. ಕೊಯ್ಲಿಗೆ ಆಳು ಸಿಗುವುದಿಲ್ಲವೆಂದು ಶಾಲೆ ಬಿಡಿಸಬಾರದು. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾನೂನಿನ ಪ್ರಕಾರ 14 ವರ್ಷದೊಳಗಿನ ಮಗು ಶಾಲೆಯ ಹೊತ್ತು ಮುಗಿದ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಕೆಲಸದಲ್ಲಿ ಮಾತ್ರ ತನ್ನ ಕುಟುಂಬಕ್ಕೆ ನೆರವಾಗಬಹುದು. ಕಾನೂನಿಗಿಂತ ಮೊದಲು ಇದು ವಿವೇಕದ ಮಾತು. ದಿನಕ್ಕೆ ಅರ್ಧ ಗಂಟೆಯ ಅಡುಗೆಮನೆಯ ಕೆಲಸದಿಂದ ಓದು ಕೆಡುವುದಿಲ್ಲ, ಆಟವೂ ತಪ್ಪುವುದಿಲ್ಲ.

ಹುಕ್ಕೇರಿಯಲ್ಲಿ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಆ ತಾಲೂಕಿನ ಮನೆಗಳಿಗೂ ಪಂಪುಗಳಿಗೂ ವಿದ್ಯುತ್ ಹಂಚುತ್ತಾ ಬಂದಿದೆ. ಒಬ್ಬರಿಂದ ಆಗದ್ದನ್ನು ಎಲ್ಲರೂ ಸೇರಿ ಮಾಡಬಹುದು ಎಂಬುದಕ್ಕೆ ಸಹಕಾರಿಗಳಾದ ನಮಗೆ ಬೇರೆ ಸಾಕ್ಷಿ ಬೇಡ. ಸಂಘದಲ್ಲಿ ನಾವು ಪಾಲು ಹಣ ಕಟ್ಟುತ್ತೇವೆ, ಲಾಭಾಂಶ ಪಡೆಯುತ್ತೇವೆ. ಅಡುಗೆಮನೆ ಎಂಬ ಸಂಘದಲ್ಲಿ ಮಾತ್ರ ಒಬ್ಬಳೇ ಪಾಲು ಕಟ್ಟಿ ಉಳಿದವರೆಲ್ಲ ಲಾಭಾಂಶ ಉಣ್ಣುವ ಪದ್ಧತಿ ನಡೆದು ಬಂದಿದೆ. ಈ ಕೊಯ್ಲು ಶುರುವಾಗುವ ಮೊದಲು ಪ್ರತಿ ಸದಸ್ಯರ ಮನೆಯಲ್ಲಿಯೂ ಒಂದು ಸಂಜೆ ಎಲ್ಲರೂ ಕುಳಿತು, ಮಕ್ಕಳ ಎದುರಿಗೇ, ಯಾರ ಪಾಲಿಗೆ ಯಾವ ಕೆಲಸ ಎಂದು ಗೊತ್ತುಮಾಡಿ ಗೋಡೆಗೆ ಬರೆದು ಅಂಟಿಸಬೇಕೆಂದು ಕೋರುತ್ತೇವೆ. ಆ ಪಟ್ಟಿಯಲ್ಲಿ ಯಜಮಾನರ ಹೆಸರು ಮೊದಲಿರಲಿ.