ಮರ ಕಡಿದಾಯ್ತು, ಬೊಡ್ಡೆ ತೆಗೆಸಲು ಎಷ್ಟು ಖರ್ಚು? ದರ ಕುದುರಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಮನೆಯಂಗಳದ ಮರ ಕಡಿಸುವಾಗ ಹೆಚ್ಚಿನವರು ಕೇಳುವುದು ಕಡಿಯುವ ಕೂಲಿ ಎಷ್ಟು ಎಂದು ಮಾತ್ರ. ಕೊಂಬೆ ಇಳಿಸಿ, ಕಾಂಡ ತುಂಡರಿಸಿ, ಸೌದೆಯನ್ನು ಗಾಡಿಗೆ ಹೇರಿಕೊಂಡು ಆಳುಗಳು ಹೊರಟ ಮೇಲೆ ಅಂಗಳದಲ್ಲಿ ಒಂದು ಅಡಿ ಎತ್ತರದ ಬೊಡ್ಡೆ ಉಳಿದಿರುತ್ತದೆ. ಅದನ್ನು ತೆಗೆಯುವ ಮಾತು ಬಂದಾಗ ಹೊಸ ಲೆಕ್ಕ ಶುರುವಾಗುತ್ತದೆ. ಒಬ್ಬ ಗುತ್ತಿಗೆದಾರ ಹೇಳಿದ ದರಕ್ಕೂ ಮತ್ತೊಬ್ಬ ಹೇಳಿದ ದರಕ್ಕೂ ಎರಡು ಮೂರು ಪಟ್ಟು ವ್ಯತ್ಯಾಸವಿರುವುದೂ ಉಂಟು.

ಇದಕ್ಕೆ ಕಾರಣ ಬರೀ ಚೌಕಾಸಿ ಅಲ್ಲ. ‘ಬೊಡ್ಡೆ ತೆಗೆಯುವುದು’ ಎಂಬ ಒಂದೇ ಮಾತಿಗೆ ಇಬ್ಬರೂ ಬೇರೆ ಬೇರೆ ಕೆಲಸದ ದರ ಹೇಳಿರುತ್ತಾರೆ. ಯಾವ ಕೆಲಸ ಬೇಕು ಎಂಬುದು ಮನೆಯವರಿಗೆ ಮೊದಲೇ ಸ್ಪಷ್ಟವಾಗಿದ್ದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ನಾಲ್ಕು ದಾರಿ, ನಾಲ್ಕು ಲೆಕ್ಕ

1. ನೆಲಮಟ್ಟಕ್ಕೆ ಕೊಯ್ಯುವುದು: ಚೈನ್ ಸಾದಿಂದ ಬೊಡ್ಡೆಯನ್ನು ನೆಲದ ಸಮಕ್ಕೆ ಕತ್ತರಿಸುವುದು. ಇದು ಅಗ್ಗ. ಮರ ಕಡಿಯಲು ಬಂದವರಿಗೇ ಅದೇ ದಿನ ಹೇಳಿದರೆ ಹೆಚ್ಚುವರಿ ಖರ್ಚು ಕಡಿಮೆ. ಆದರೆ ಬುಡ ಮತ್ತು ಬೇರು ನೆಲದಲ್ಲೇ ಉಳಿಯುತ್ತವೆ.

2. ಯಂತ್ರದಿಂದ ಅರೆಯುವುದು: ಸ್ಟಂಪ್ ಗ್ರೈಂಡರ್ ಎಂಬ ಯಂತ್ರದಲ್ಲಿ ಕಾರ್ಬೈಡ್ ಹಲ್ಲುಗಳಿರುವ ಚಕ್ರ ವೇಗವಾಗಿ ತಿರುಗುತ್ತಾ ಬೊಡ್ಡೆಯನ್ನು ಚೂರು ಚೂರು ಮಾಡುತ್ತದೆ. ಸಾಮಾನ್ಯವಾಗಿ ನೆಲದಿಂದ 15ರಿಂದ 30 ಸೆಂ.ಮೀ. ಆಳದವರೆಗೆ ಅರೆಯಲಾಗುತ್ತದೆ. ಸುತ್ತ ಹರಡಿದ ಬೇರುಗಳು ಹಾಗೆಯೇ ಉಳಿಯುತ್ತವೆ.

3. ಬೇರುಸಹಿತ ಕೀಳುವುದು: ಜೆಸಿಬಿಯಿಂದ ಅಥವಾ ಗುದ್ದಲಿ, ಹಾರೆ, ಕೊಡಲಿ ಹಿಡಿದ ಆಳುಗಳಿಂದ ಸುತ್ತ ಅಗೆದು ಬುಡವನ್ನೇ ಎತ್ತುವುದು. ದೊಡ್ಡ ಗುಂಡಿ ಬೀಳುತ್ತದೆ. ಅದನ್ನು ಮುಚ್ಚಲು ಮಣ್ಣು, ಬೊಡ್ಡೆ ಸಾಗಿಸಲು ವಾಹನ ಬೇಕು.

4. ಕೊಳೆಯಲು ಬಿಡುವುದು: ಬೊಡ್ಡೆಯಲ್ಲಿ ಡ್ರಿಲ್‌ನಿಂದ ಆಳದ ತೂತು ಕೊರೆದು, ಸಗಣಿ ಗೊಬ್ಬರ ಮತ್ತು ಮಣ್ಣು ಮುಚ್ಚಿ, ತೇವ ಆರದಂತೆ ನೋಡಿಕೊಳ್ಳುವುದು. ಹಣದ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಗಟ್ಟಿ ಮರವಾದರೆ ವರ್ಷಗಳೇ ಹಿಡಿಯುತ್ತವೆ.

ಆ ಜಾಗದಲ್ಲಿ ಮುಂದೇನು?

ಖರ್ಚನ್ನು ನಿರ್ಧರಿಸುವ ಮೊದಲ ಪ್ರಶ್ನೆ ಇದೇ. ಅಲ್ಲಿ ಹೂಗಿಡ ಅಥವಾ ಹುಲ್ಲು ಬೆಳೆಸುವುದಾದರೆ ಅರೆದರೆ ಸಾಕು. ಅರೆದ ಚೂರನ್ನು ತೆಗೆದು ಮೇಲೆ ಒಳ್ಳೆಯ ಮಣ್ಣು ತುಂಬಬೇಕು. ಹಸಿ ಮರದ ಪುಡಿ ಮಣ್ಣಿನಲ್ಲಿ ಬೆರೆತರೆ ಅದು ಕೊಳೆಯುವಾಗ ಸಾರಜನಕವನ್ನು ಹೀರಿಕೊಳ್ಳುತ್ತದೆ, ಹೊಸ ಗಿಡ ಹಳದಿಯಾಗುತ್ತದೆ.

ಅಲ್ಲಿ ಕಾಂಪೌಂಡ್ ಗೋಡೆ, ಕಾರ್ ಪಾರ್ಕಿಂಗ್ ಅಥವಾ ಮನೆಯ ಅಡಿಪಾಯ ಬರುವುದಾದರೆ ಅರೆಯುವುದು ಸಾಲದು. ಒಳಗೆ ಉಳಿದ ದಪ್ಪ ಬೇರು ವರ್ಷಗಳ ನಂತರ ಕೊಳೆತು ಟೊಳ್ಳಾಗಿ ನೆಲ ಕುಸಿಯುತ್ತದೆ. ಟೈಲ್ಸ್ ಅಥವಾ ಕಾಂಕ್ರೀಟ್ ಬಿರುಕು ಬಿಡುತ್ತದೆ. ಇಂಥ ಕಡೆ ಬೇರುಸಹಿತ ತೆಗೆಸಿ, ಗುಂಡಿಗೆ ಪದರ ಪದರವಾಗಿ ಮಣ್ಣು ತುಂಬಿ ಗಟ್ಟಿಯಾಗಿ ದಮ್ಮಸ್ಸು ಮಾಡಿಸಬೇಕು. ಮೊದಲು ಅರೆಯಲು, ಆಮೇಲೆ ಕೀಳಲು ಎಂದು ಎರಡು ಬಾರಿ ಹಣ ಕೊಡುವವರು ಈ ಪ್ರಶ್ನೆಯನ್ನು ತಡವಾಗಿ ಕೇಳಿಕೊಂಡವರೇ.

ಪುಣೆ, ಹುಬ್ಬಳ್ಳಿ, ಕಲಬುರಗಿ ಭಾಗದ ಎರೆ ಮಣ್ಣಿನಲ್ಲಿ ಇನ್ನೊಂದು ಎಚ್ಚರ ಬೇಕು. ದೊಡ್ಡ ಮರ ನೀರು ಹೀರುತ್ತಿದ್ದ ಮಣ್ಣು, ಮರ ಹೋದ ಮೇಲೆ ಮತ್ತೆ ತೇವ ಹಿಡಿದು ಉಬ್ಬುತ್ತದೆ. ಗೋಡೆಗೆ ತಾಗಿಕೊಂಡಿದ್ದ ಹಳೆಯ ಮರವಾದರೆ ಕೀಳಿಸುವ ಮುನ್ನ ಸಿವಿಲ್ ಎಂಜಿನಿಯರ್‌ಗೆ ತೋರಿಸುವುದು ಲೇಸು.

ದರ ಏರುವುದು ಎಲ್ಲಿ?

ಅಳತೆ: ಬೊಡ್ಡೆಯ ಅಗಲವನ್ನು ನೆಲದ ಮಟ್ಟದಲ್ಲಿ, ಬುಡ ಹರಡಿರುವ ಜಾಗ ಸೇರಿಸಿ ಅಳೆಯುತ್ತಾರೆ. ಸುತ್ತಳತೆ ಗೊತ್ತಿದ್ದರೆ ಅದನ್ನು 3.14ರಿಂದ ಭಾಗಿಸಿದರೆ ಅಗಲ ಸಿಗುತ್ತದೆ. 94 ಸೆಂ.ಮೀ. ಸುತ್ತಳತೆಯ ಬೊಡ್ಡೆಯ ಅಗಲ ಸುಮಾರು 30 ಸೆಂ.ಮೀ., ಅಂದರೆ 12 ಇಂಚು. ಅಗಲ ಎರಡು ಪಟ್ಟಾದರೆ, ಅಷ್ಟೇ ಆಳಕ್ಕೆ ಅರೆಯಬೇಕಾದ ಮರ ನಾಲ್ಕು ಪಟ್ಟಾಗುತ್ತದೆ. 24 ಇಂಚಿನ ಬೊಡ್ಡೆಗೆ 12 ಇಂಚಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಕೇಳಿದರೆ ಅದು ಮೋಸವೇ ಆಗಿರಬೇಕಿಲ್ಲ.

ಮರದ ಜಾತಿ: ತೆಂಗಿಗೆ ತಾಯಿಬೇರಿಲ್ಲ, ಇರುವುದು ತಂತುಬೇರು. ಕಡಿದ ತೆಂಗು ಮತ್ತೆ ಚಿಗುರುವುದೂ ಇಲ್ಲ. ಆದರೆ ಕೊಳೆಯುವ ತೆಂಗಿನ ಬೊಡ್ಡೆಯಲ್ಲಿ ರೈನಾಸರಸ್ ದುಂಬಿ ಮೊಟ್ಟೆಯಿಟ್ಟು ಮರಿ ಮಾಡುತ್ತದೆ. ಪಕ್ಕದಲ್ಲಿ ಬೇರೆ ತೆಂಗಿನ ಮರಗಳಿದ್ದರೆ ಬೊಡ್ಡೆಯನ್ನು ಹಾಗೇ ಬಿಡುವುದು ಸರಿಯಲ್ಲ. ಬೇವು, ಸುಬಾಬುಲ್, ನುಗ್ಗೆ, ನೀಲಗಿರಿ ಬುಡದಿಂದ ಮತ್ತೆ ಮತ್ತೆ ಚಿಗುರುತ್ತವೆ. ಅವನ್ನು ನೆಲಮಟ್ಟಕ್ಕೆ ಕೊಯ್ದು ಬಿಟ್ಟರೆ ಕೆಲಸ ಮುಗಿದಂತಲ್ಲ. ಹುಣಸೆಯಂಥ ಗಟ್ಟಿ ಮರವಾದರೆ ಯಂತ್ರದ ಹಲ್ಲು ಬೇಗ ಸವೆಯುತ್ತದೆ, ಸಮಯವೂ ಹೆಚ್ಚು.

ದಾರಿ: ಸಾಮಾನ್ಯ ಜೆಸಿಬಿ ಎರಡು ಮೀಟರ್‌ಗಿಂತ ಅಗಲ. ಹಿತ್ತಲಿಗೆ ಹೋಗಲು ಮೂರಡಿ ಓಣಿ ಮಾತ್ರ ಇದ್ದರೆ ಅದು ಒಳಗೆ ಬರುವುದಿಲ್ಲ. ಆಗ ಉಳಿಯುವುದು ಸಣ್ಣ ಗ್ರೈಂಡರ್ ಅಥವಾ ಆಳುಗಳು. ಮುಂಬೈ, ಚೆನ್ನೈನ ಹಳೆಯ ಬಡಾವಣೆಗಳಲ್ಲಿ ಖರ್ಚು ಏರಿಸುವುದು ಬೊಡ್ಡೆಯ ಗಾತ್ರಕ್ಕಿಂತ ಹೆಚ್ಚಾಗಿ ಈ ಓಣಿಯೇ.

ನೆಲದಡಿ: ನೀರಿನ ಪೈಪು, ಒಳಚರಂಡಿ, ವಿದ್ಯುತ್ ಕೇಬಲ್, ಸಂಪು, ಕೊಳವೆ ಅಡುಗೆ ಅನಿಲದ ಪೈಪು ಎಲ್ಲಿವೆ ಎಂಬುದನ್ನು ಕೆಲಸಕ್ಕೆ ಮುನ್ನವೇ ಗುರುತು ಮಾಡಬೇಕು. ಬೇರು ಪೈಪಿಗೆ ಸುತ್ತಿಕೊಂಡಿದ್ದರೆ ಎಳೆದಾಗ ಪೈಪೂ ಕಿತ್ತು ಬರುತ್ತದೆ. ಅನಿಲದ ಪೈಪು ಹತ್ತಿರದಲ್ಲಿದ್ದರೆ ಆ ಕಂಪನಿಗೆ ತಿಳಿಸದೆ ಅಗೆಯಲೇಬಾರದು.

ಬಾಡಿಗೆಯ ಲೆಕ್ಕ ಹೀಗೆ

ಯಂತ್ರದ ಕೆಲಸದಲ್ಲಿ ‘ಕನಿಷ್ಠ ಬಾಡಿಗೆ’ ಎಂಬುದು ದೊಡ್ಡ ಪಾತ್ರ ವಹಿಸುತ್ತದೆ. ಬೊಡ್ಡೆ ಅರೆಯುವುದು ಮಾಮೂಲಿ ಸೇವೆಯಾಗಿರುವ ಅಮೆರಿಕದಲ್ಲಿ ಸಾಮಾನ್ಯವಾಗಿ ಅಗಲದ ಪ್ರತಿ ಇಂಚಿಗೆ 2ರಿಂದ 5 ಡಾಲರ್ ಕೇಳುತ್ತಾರೆ. ಜೊತೆಗೆ ಸುಮಾರು 100 ಡಾಲರ್ ಅಥವಾ ಅದಕ್ಕೂ ಮೇಲ್ಪಟ್ಟ ಕನಿಷ್ಠ ಶುಲ್ಕವಿರುತ್ತದೆ. ಇಂಚಿಗೆ 3 ಡಾಲರ್‌ನಂತೆ 24 ಇಂಚಿನ ಬೊಡ್ಡೆಗೆ 72 ಡಾಲರ್ ಆದರೂ ಗ್ರಾಹಕ ಕೊಡಬೇಕಾದದ್ದು ಕನಿಷ್ಠ ಶುಲ್ಕವನ್ನೇ. ಯಂತ್ರವನ್ನು ಮನೆ ಬಾಗಿಲಿಗೆ ತರುವ ಖರ್ಚು ಅದರಲ್ಲಿ ಸೇರಿರುತ್ತದೆ.

ಭಾರತದಲ್ಲಿ ಸ್ಟಂಪ್ ಗ್ರೈಂಡರ್ ಇನ್ನೂ ಎಲ್ಲ ಊರಲ್ಲೂ ಸಿಗುವುದಿಲ್ಲ. ಹೆಚ್ಚಿನ ಕಡೆ ಕೈಗೆಟುಕುವುದು ಜೆಸಿಬಿ. ಅದರ ಬಾಡಿಗೆ ಗಂಟೆ ಲೆಕ್ಕ. ಹಲವೆಡೆ ಗಂಟೆಗೆ ₹1,000ರಿಂದ ₹1,500ರ ಆಸುಪಾಸಿನಲ್ಲಿದ್ದು, ಊರು ಮತ್ತು ಡೀಸೆಲ್ ದರಕ್ಕೆ ತಕ್ಕಂತೆ ಬದಲಾಗುತ್ತದೆ. ಉದಾಹರಣೆಗೆ ಗಂಟೆಗೆ ₹1,200, ಕನಿಷ್ಠ 2 ಗಂಟೆ ಎಂದಿಟ್ಟುಕೊಳ್ಳೋಣ. ಅರ್ಧ ಗಂಟೆಯಲ್ಲಿ ಒಂದು ಬೊಡ್ಡೆ ಕಿತ್ತರೂ ₹2,400 ಕೊಡಬೇಕು. ಅದೇ ಎರಡು ಗಂಟೆಯಲ್ಲಿ ಮೂರು ಬೊಡ್ಡೆ ಕಿತ್ತರೆ ಒಂದಕ್ಕೆ ಬೀಳುವುದು ₹800. ಅಕ್ಕಪಕ್ಕದ ಮನೆಯವರ ಬೊಡ್ಡೆಯನ್ನೂ ಸೇರಿಸಿ ಒಂದೇ ದಿನ ಕರೆಸುವುದು, ಇಲ್ಲವೇ ಸೈಟ್ ಸಮತಟ್ಟು ಮಾಡಿಸುವ ದಿನವೇ ಈ ಕೆಲಸವನ್ನೂ ಮುಗಿಸುವುದು ಉಳಿತಾಯದ ಸುಲಭ ದಾರಿ.

ಆಳುಗಳಿಂದ ಮಾಡಿಸುವುದಾದರೆ ದಿನಗೂಲಿಗಿಂತ ಗುತ್ತಿಗೆ ಮಾತಾಡುವುದು ಒಳ್ಳೆಯದು. ದೊಡ್ಡ ಬೊಡ್ಡೆ ಎಷ್ಟು ದಿನ ಹಿಡಿಯುತ್ತದೆ ಎಂದು ಮೇಲಿನಿಂದ ನೋಡಿ ಹೇಳುವುದು ಕಷ್ಟ.

ಬೊಡ್ಡೆಗೂ ಅನುಮತಿ ಬೇಕೇ?

ಅನುಮತಿ ಪಡೆದು ಕಡಿದ ಮರದ ಸತ್ತ ಬೊಡ್ಡೆಯ ಬಗ್ಗೆ ಸಾಮಾನ್ಯವಾಗಿ ತಕರಾರು ಬರುವುದಿಲ್ಲ. ಆದರೆ ಚಿಗುರುತ್ತಿರುವ ಬೊಡ್ಡೆ ಜೀವಂತ ಮರವೇ ಎಂಬ ವಾದಕ್ಕೆ ಅವಕಾಶವಿದೆ. ದೆಹಲಿಯ 1994ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ‘ಮರ ಕಡಿಯುವುದು’ ಎಂದರೆ ಬೇರು ಕೀಳುವುದು, ಬುಲ್ಡೋಜರ್ ಹಾಯಿಸುವುದು, ಸುಡುವುದು, ರಾಸಾಯನಿಕ ಹಾಕುವುದು ಎಲ್ಲವೂ ಸೇರುತ್ತವೆ.

ಮಹಾರಾಷ್ಟ್ರದ ನಗರಗಳಲ್ಲಿ 1975ರ ಕಾಯ್ದೆಯಡಿ ವೃಕ್ಷ ಪ್ರಾಧಿಕಾರದ ಅನುಮತಿ ಬೇಕು. ಹೈದರಾಬಾದ್‌ನಲ್ಲಿ 2002ರ ವಾಲ್ಟಾ ಕಾಯ್ದೆ ಇದೆ. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ವೃಕ್ಷಾಧಿಕಾರಿಯ ಅನುಮತಿ ಪಡೆಯಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್‌ನಂಥ ಕೆಲವು ಜಾತಿಗಳಿಗೆ ಅಲ್ಲಿ ವಿನಾಯಿತಿ ಇದೆ. ಹೌಸಿಂಗ್ ಸೊಸೈಟಿಯ ಸಾಮಾನ್ಯ ಜಾಗದ ಮರವಾದರೆ ಅರ್ಜಿ ಹಾಕಬೇಕಾದದ್ದು, ಖರ್ಚು ಭರಿಸಬೇಕಾದದ್ದು ಸೊಸೈಟಿಯೇ ಹೊರತು ನೆಲಮಹಡಿಯ ನಿವಾಸಿ ಅಲ್ಲ.

ಶ್ರೀಗಂಧದ ಮಾತೇ ಬೇರೆ. ಅದರ ಎಣ್ಣೆ ಬೇರಿನಲ್ಲೂ ಇರುವುದರಿಂದ ಬೊಡ್ಡೆಗೂ ಬೆಲೆಯಿದೆ. ಅರಣ್ಯ ಇಲಾಖೆಗೆ ತಿಳಿಸದೆ ಅದನ್ನು ಮುಟ್ಟುವಂತಿಲ್ಲ.

ಬೆಂಕಿ, ಸೀಮೆಎಣ್ಣೆ ಬೇಡ

ಬೊಡ್ಡೆಗೆ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚುವುದು ಹಳೆಯ ರೂಢಿ. ಒಣ ಬೇರಿನಲ್ಲಿ ಕೆಂಡ ನೆಲದೊಳಗೇ ದಿನಗಟ್ಟಲೆ ಕನಲುತ್ತಾ ಹೋಗಬಹುದು. ಮೇಲೆ ಆರಿದಂತೆ ಕಂಡ ಜಾಗದಲ್ಲಿ ಮಗು ಕಾಲಿಟ್ಟರೆ ಅನಾಹುತ. ಕೇಬಲ್, ಪ್ಲಾಸ್ಟಿಕ್ ಪೈಪುಗಳಿಗೂ ಅಪಾಯ. ಸೀಮೆಎಣ್ಣೆ, ಆಸಿಡ್ ಮಣ್ಣಿಗೆ ಇಳಿದರೆ ಹತ್ತಿರದ ಬಾವಿಯ ನೀರೂ ಕೆಡುತ್ತದೆ.

ದೂರದಲ್ಲಿದ್ದು ಕೆಲಸ ಮಾಡಿಸುವವರಿಗೆ

ಮುಂಬೈ ಅಥವಾ ದೆಹಲಿಯಲ್ಲಿದ್ದುಕೊಂಡು ಊರಿನ ಮನೆಯ ಬೊಡ್ಡೆಯನ್ನು ಫೋನಿನಲ್ಲೇ ತೆಗೆಸುವವರು ಬಹಳ. ಇವರು ಬೊಡ್ಡೆಯ ಪಕ್ಕ ಟೇಪು ಹಿಡಿದ ಫೋಟೊ, ಗೇಟಿನ ಅಗಲ ಮತ್ತು ಗೇಟಿನಿಂದ ಬೊಡ್ಡೆಯವರೆಗಿನ ದಾರಿಯ ವಿಡಿಯೊ ತರಿಸಿಕೊಂಡು ಗುತ್ತಿಗೆದಾರರಿಗೆ ಕಳಿಸಬೇಕು. ದರ ಒಪ್ಪುವ ಮುನ್ನ ಈ ಪ್ರಶ್ನೆಗಳಿಗೆ ವಾಟ್ಸ್‌ಆ್ಯಪ್‌ನಲ್ಲಾದರೂ ಬರಹದ ಉತ್ತರ ಪಡೆಯುವುದು ಒಳ್ಳೆಯದು:

• ಕೊಯ್ಯುವುದೋ, ಅರೆಯುವುದೋ, ಕೀಳುವುದೋ? ಎಷ್ಟು ಆಳಕ್ಕೆ?
• ಯಂತ್ರ ತರುವ, ವಾಪಸ್ ಒಯ್ಯುವ ಖರ್ಚು ಸೇರಿದೆಯೇ? ಕನಿಷ್ಠ ಎಷ್ಟು ಗಂಟೆ?
• ಬೊಡ್ಡೆ ಅಥವಾ ಪುಡಿ ಸಾಗಿಸುವುದು, ಗುಂಡಿ ಮುಚ್ಚುವುದು ಯಾರ ಹೊಣೆ? ಮಣ್ಣು ಯಾರದು?
• ಪೈಪು ಒಡೆದರೆ, ಗೋಡೆ ಬಿರುಕು ಬಿಟ್ಟರೆ ರಿಪೇರಿ ಯಾರು ಮಾಡಿಸುತ್ತಾರೆ?
• ಬಿಲ್ ಕೊಡುತ್ತಾರೆಯೇ? ಹೇಳಿದ ದರದಲ್ಲಿ ಜಿಎಸ್‌ಟಿ ಸೇರಿದೆಯೇ?

ಮರ ಕಡಿಸುವ ಮೊದಲೇ ಬೊಡ್ಡೆಯ ದರವನ್ನೂ ಸೇರಿಸಿ ಮಾತಾಡಿದರೆ ಇನ್ನೂ ಅನುಕೂಲ. ಬೇರುಸಹಿತ ತೆಗೆಯುವುದು ಖಚಿತವಾಗಿದ್ದರೆ ಕಾಂಡವನ್ನು ಮೂರು ನಾಲ್ಕು ಅಡಿ ಎತ್ತರ ಉಳಿಸಿ ಕಡಿಯುವಂತೆ ಹೇಳಬೇಕು. ಆ ಉದ್ದವೇ ಸನ್ನೆಯಂತೆ ಕೆಲಸ ಮಾಡಿ ಬುಡವನ್ನು ಅಲುಗಾಡಿಸಲು, ಎಳೆಯಲು ನೆರವಾಗುತ್ತದೆ. ನೆಲಮಟ್ಟಕ್ಕೆ ಕೊಯ್ದ ಬೊಡ್ಡೆಗೆ ಹಗ್ಗ ಕಟ್ಟಲೂ ಜಾಗ ಸಿಗುವುದಿಲ್ಲ. ಆಗ ಸುತ್ತ ಇನ್ನಷ್ಟು ಆಳಕ್ಕೆ ಅಗೆಯಬೇಕಾಗುತ್ತದೆ, ಖರ್ಚೂ ಅಷ್ಟೇ ಏರುತ್ತದೆ.